ಮೈದಾನವೂ ತೀರ್ಪು ಕೊಡುತ್ತದೆ

ಆಗಸ್ಟ್ ಬಂತೆಂದರೆ ರಾಜ್ಯದ ಪ್ರೌಢಶಾಲೆಗಳಲ್ಲಿ ಕ್ರೀಡಾಕೂಟಗಳ ಹಂಗಾಮು. ವಲಯ, ತಾಲ್ಲೂಕು, ಜಿಲ್ಲೆ ಎಂದು ಒಂದೊಂದೇ ಹಂತ ದಾಟಿದ ಹುಡುಗ ಹುಡುಗಿಯರು ರಾಜ್ಯ ಮಟ್ಟದ ಅಥ್ಲೆಟಿಕ್ಸ್ ಕೂಟಕ್ಕೆ ಬರುತ್ತಾರೆ. ಅಲ್ಲಿ ಗೆದ್ದವರಿಗೆ ರಾಷ್ಟ್ರೀಯ ಶಾಲಾ ಕೂಟದ ಬಾಗಿಲು ತೆರೆಯುತ್ತದೆ. ಈ ಕೂಟ ಎಲ್ಲಿ ನಡೆಯಬೇಕು ಎಂದು ತೀರ್ಮಾನಿಸುವಾಗ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಮೂರು. ಈ ಸಲ ಯಾವ ಜಿಲ್ಲೆಯ ಸರದಿ? ಊಟ, ವಸತಿಯ ಹೊಣೆ ಯಾರು ಹೊರುತ್ತಾರೆ? ಉದ್ಘಾಟನೆಗೆ ಯಾವ ದಿನ ಸಿಗುತ್ತದೆ? ಇವು ಬೇಡದ ಪ್ರಶ್ನೆಗಳೇನಲ್ಲ. ಆದರೆ ಆ ನೆಲದ ಮೇಲೆ ಮಗುವಿನ ನಿಜವಾದ ವೇಗ, ನಿಜವಾದ ಜಿಗಿತ, ನಿಜವಾದ ಎಸೆತ ಹೊರಬರುತ್ತದೆಯೇ ಎಂಬ ನಾಲ್ಕನೆಯ ಪ್ರಶ್ನೆ ಇವುಗಳ ಹಿಂದೆ ನಿಂತುಬಿಡುತ್ತದೆ. ಅದು ಮೊದಲು ಬರಬೇಕು ಎಂಬುದು ನನ್ನ ವಾದ. ಕೂಟಕ್ಕೆ ಆರಿಸಿದ ಮೈದಾನ ಸ್ಪರ್ಧೆ ನಡೆಯುವ ಬರಿಯ ಜಾಗವಲ್ಲ. ಯಾರು ಮುಂದಿನ ಹಂತಕ್ಕೆ ಹೋಗಬೇಕು, ಯಾರು ಮನೆಗೆ ಮರಳಬೇಕು ಎಂಬ ತೀರ್ಪಿನಲ್ಲಿ ಅದಕ್ಕೂ ಪಾಲಿದೆ.

ಅಳತೆಯಿಂದಲೇ ಶುರು ಮಾಡೋಣ. ಎಂಟು ಲೇನಿನ 400 ಮೀಟರ್ ಟ್ರ್ಯಾಕಿಗೆ ಎಷ್ಟು ನೆಲ ಬೇಕು? ಅಂತರರಾಷ್ಟ್ರೀಯ ಮಾದರಿಯಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್, ಲೇನಿನ ಅಗಲ 1.22 ಮೀಟರ್. ಕೂಡಿ ನೋಡಿದರೆ ಉದ್ದ ಸುಮಾರು 177 ಮೀಟರ್, ಅಗಲ ಸುಮಾರು 93 ಮೀಟರ್, ಅಂದರೆ ನಾಲ್ಕು ಎಕರೆ. ಅದರಾಚೆಗೆ 100 ಮೀಟರ್ ಓಡಿದವರು ವೇಗ ಇಳಿಸಿಕೊಂಡು ನಿಲ್ಲಲು ಜಾಗ ಬೇಕು, ಜಿಗಿತದ ಅಂಕಣಗಳು ಬೇಕು, ಜನ ನಿಲ್ಲಲು ಅಂಚು ಬೇಕು. ಇಷ್ಟು ಸಮತಟ್ಟಾದ ನೆಲ ಇರುವ ಶಾಲೆ ನಮ್ಮ ಎಷ್ಟು ತಾಲ್ಲೂಕುಗಳಲ್ಲಿ ಸಿಕ್ಕೀತು? ಸಿಗದ ಕಡೆ 200 ಮೀಟರಿನ ಟ್ರ್ಯಾಕ್ ಹಾಕುತ್ತಾರೆ. ತಪ್ಪೇನಿದೆ, ಎಲ್ಲ ಮಕ್ಕಳೂ ಅದೇ ಟ್ರ್ಯಾಕಿನಲ್ಲಿ ಓಡುತ್ತಾರಲ್ಲ ಎಂದು ಕೇಳಬಹುದು. 400 ಮೀಟರ್ ಓಟದಲ್ಲಿ ದೊಡ್ಡ ಟ್ರ್ಯಾಕಿನಲ್ಲಿ ಎರಡು ತಿರುವು, ಸಣ್ಣದರಲ್ಲಿ ನಾಲ್ಕು. 3000 ಮೀಟರಿಗೆ ಅಲ್ಲಿ ಹದಿನೈದು ತಿರುವು, ಇಲ್ಲಿ ಮೂವತ್ತು, ಅದೂ ಬಿಗಿಯಾದವು. ಉದ್ದ ಕಾಲಿನ, ದೊಡ್ಡ ಹೆಜ್ಜೆಯ ಓಟಗಾರ್ತಿ ಪ್ರತಿ ತಿರುವಿನಲ್ಲೂ ಹೆಜ್ಜೆ ಕತ್ತರಿಸಿಕೊಳ್ಳಬೇಕಾಗುತ್ತದೆ. ಕುಳ್ಳಗಿನ, ಚುರುಕಾದ ಹುಡುಗಿಗೆ ಆ ತೊಂದರೆಯಿಲ್ಲ. ಮುಂದೆ ಜಿಲ್ಲೆಯಲ್ಲೋ ರಾಜ್ಯದಲ್ಲೋ 400 ಮೀಟರ್ ಟ್ರ್ಯಾಕಿನಲ್ಲಿ ಮೊದಲು ಬರಬಹುದಾಗಿದ್ದವಳು ತಾಲ್ಲೂಕಿನಲ್ಲೇ ಮೂರನೆಯವಳಾಗಿ ಉಳಿದುಬಿಡಬಹುದು. ನಿಯಮ ಎಲ್ಲೂ ಮುರಿದಿಲ್ಲ. ಆದರೂ ಆಯ್ಕೆ ತಪ್ಪಿದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಇದೆ. ನಮ್ಮ ಪಿ.ಟಿ. ಮೇಷ್ಟರುಗಳಿಗೆ ಇದು ಚೆನ್ನಾಗಿ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಲೇನಿನಲ್ಲೇ ಓಡುವ 400 ಮೀಟರ್ ಓಟದಲ್ಲಿ ಹೊರಗಿನ ಲೇನಿನವರು ಮುಂದೆ ನಿಂತು ಶುರು ಮಾಡುತ್ತಾರೆ, ಇದು ಸ್ಟ್ಯಾಗರ್. 1.22 ಮೀಟರ್ ಅಗಲದ ಲೇನಿಗೆ ಎರಡನೆಯ ಲೇನಿನ ಸ್ಟ್ಯಾಗರ್ 7.04 ಮೀಟರ್, ಆಮೇಲೆ ಪ್ರತಿ ಲೇನಿಗೂ ಸುಮಾರು 7.67 ಮೀಟರ್ ಸೇರುತ್ತ ಹೋಗುತ್ತದೆ. ಮೈದಾನ ಚಿಕ್ಕದೆಂದು ಲೇನನ್ನು ಒಂದು ಮೀಟರಿಗೆ ಇಳಿಸಿ, ಸ್ಟ್ಯಾಗರನ್ನು ಮಾತ್ರ ಪುಸ್ತಕದಲ್ಲಿರುವಂತೆಯೇ ಹಾಕಿದರೆ ಏನಾಗುತ್ತದೆ? ಒಂದು ಮೀಟರ್ ಲೇನಿಗೆ ಆ ಅಂತರ 6.28 ಮೀಟರ್ ಇರಬೇಕಿತ್ತು. ಹೀಗೆ ಪ್ರತಿ ಹೊರ ಲೇನಿನವರಿಗೂ ಸುಮಾರು 1.4 ಮೀಟರ್ ಪುಕ್ಕಟೆಯಾಗಿ ಸಿಗುತ್ತದೆ. ಆರನೆಯ ಲೇನಿನ ಹುಡುಗ ಓಡುವ ದೂರ ಎರಡನೆಯ ಲೇನಿನವನದಕ್ಕಿಂತ ಐದು ಮೀಟರಿಗೂ ಮಿಕ್ಕಿ ಕಡಿಮೆಯಾಗಿ, ಅವನು ಗೆಲ್ಲುತ್ತಾನೆ. ಚೀಟಿ ಎತ್ತಿ ಲೇನು ಹಂಚಿದ ಕ್ಷಣದಲ್ಲೇ ಫಲಿತಾಂಶ ಅರ್ಧ ಬರೆದಾಗಿರುತ್ತದೆ. ಮೇಷ್ಟರ ಶ್ರದ್ಧೆಯಲ್ಲಿ ಕೊರತೆಯಿರುವುದಿಲ್ಲ. ಹಿಂದಿನ ಸಂಜೆ ಮಳೆ ನಿಂತ ಮೇಲೆ ಟೇಪು, ಹಗ್ಗ, ಸುಣ್ಣದ ಬುಟ್ಟಿ ಹಿಡಿದು, ಕತ್ತಲಾಗುವುದರೊಳಗೆ ಗೆರೆ ಎಳೆದು ಮುಗಿಸಬೇಕಾದ ಅವಸರದಲ್ಲಿ ಇಂಥದ್ದು ಆಗಿಬಿಡುತ್ತದೆ. ಅಳತೆಗೆ ಸರಿಹೊಂದುವ ಮೈದಾನ ಮೊದಲೇ ಗೊತ್ತಾಗಿದ್ದರೆ ಈ ಅವಸರವೇ ಬೇಕಿರಲಿಲ್ಲ.

ಮಣ್ಣಿನ ಮಾತೂ ಇದೆ. ಕರ್ನಾಟಕದಲ್ಲಿ ಮೈದಾನ ಆರಿಸುವವರು ಮಣ್ಣನ್ನು ಮರೆಯುವಂತಿಲ್ಲ. ಬಯಲುಸೀಮೆಯ ಕೆಂಪು ಮಣ್ಣಿನ ಮೇಲೆ ಗರಸು ಹಾಸಿ ರೋಲರ್ ಓಡಿಸಿದರೆ ಗಟ್ಟಿ ನೆಲ ಸಿಗುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೇ ನೀರು ಇಂಗುತ್ತದೆ. ಉತ್ತರದ ಎರೆ ಭೂಮಿಯ ಸ್ವಭಾವ ಬೇರೆ: ಒಣಗಿದರೆ ಬಾಯಿ ಬಿಡುತ್ತದೆ, ನೆನೆದರೆ ಪಾದಕ್ಕೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತದೆ. ವಿಜಯಪುರ, ಕಲಬುರಗಿ ಕಡೆಯಲ್ಲಿ ಸೆಪ್ಟೆಂಬರ್ ಜೋರು ಮಳೆಯ ತಿಂಗಳು. ತಾಲ್ಲೂಕು ಕೂಟಗಳು ಹೆಚ್ಚಾಗಿ ನಡೆಯುವುದೂ ಆಗಸ್ಟ್, ಸೆಪ್ಟೆಂಬರಿನಲ್ಲೇ. ಮಲೆನಾಡಿನಲ್ಲಿ ಆಗಸ್ಟಿನ ಮಳೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಇಡೀ ರಾಜ್ಯಕ್ಕೆ ಒಂದೇ ವೇಳಾಪಟ್ಟಿ ಕಳಿಸಿ, ಅದರೊಳಗೆ ಸಿಕ್ಕ ಮೈದಾನದಲ್ಲಿ ಕೂಟ ಮುಗಿಸಿ ಎನ್ನುವುದರಲ್ಲಿ ಆಡಳಿತದ ಅನುಕೂಲವಿದೆ. ತೀರ್ಥಹಳ್ಳಿಯ ಹುಡುಗನ ಉದ್ದಜಿಗಿತಕ್ಕೂ ಸಿಂದಗಿಯ ಹುಡುಗನ ಉದ್ದಜಿಗಿತಕ್ಕೂ ಅದರಿಂದ ಆಗುವ ಪರಿಣಾಮ ಒಂದೇ ಅಲ್ಲ. ಮೈದಾನದ ಆಯ್ಕೆ ಎಂದರೆ ದಿನಾಂಕದ ಆಯ್ಕೆಯೂ ಹೌದು. ಎರಡನ್ನೂ ಬೇರೆ ಬೇರೆ ಕಚೇರಿಗಳು ಬೇರೆ ಬೇರೆ ಹೊತ್ತಿನಲ್ಲಿ ತೀರ್ಮಾನಿಸಿದರೆ ಕೆಸರಿನಲ್ಲಿ ಸ್ಪರ್ಧೆ ನಡೆಯುವುದು ಖಚಿತ.

ಎತ್ತರ ಜಿಗಿತವನ್ನು ನೋಡಿ. ಬೆನ್ನು ಕೆಳಗಾಗಿ ಬಾರ್ ದಾಟುವ ಫಾಸ್ಬರಿ ಶೈಲಿ 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಮೇಲೆ ಜಗತ್ತೆಲ್ಲ ಅದನ್ನೇ ಹಿಡಿಯಿತು. ಆದರೆ ಆ ಶೈಲಿಗೆ ದಪ್ಪನೆಯ ಸ್ಪಂಜಿನ ಹಾಸಿಗೆ ಬೇಕೇ ಬೇಕು. ದೊಡ್ಡ ಕೂಟಗಳ ಹಾಸಿಗೆ ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮುಕ್ಕಾಲು ಮೀಟರಿನಷ್ಟು ದಪ್ಪ ಇರುತ್ತದೆ. ಮರಳಿನ ಗುಂಡಿಗೆ ಬೀಳಬೇಕಾದ ಮಗು ಬೆನ್ನ ಮೇಲೆ ಬೀಳುವಂತಿಲ್ಲ, ಬೀಳಲು ಬಿಡಲೂಬಾರದು. ಹಾಗಾಗಿ ಅದು ಕತ್ತರಿ ಜಿಗಿತವನ್ನೇ ಕಲಿಯುತ್ತದೆ. ಕರಾವಳಿಯ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದರು, ಅದೇ ವರ್ಷ ಲಂಡನ್ ಒಲಿಂಪಿಕ್ಸಿಗೆ ಹೋದರು. ಅಂಥ ಜಿಗಿತದ ಹತ್ತಿರ ಸುಳಿಯಬಲ್ಲ ಹುಡುಗಿ ನಮ್ಮ ಯಾವುದೋ ತಾಲ್ಲೂಕಿನಲ್ಲಿ ಇಂದು ಒಂಬತ್ತನೆಯ ತರಗತಿಯಲ್ಲಿದ್ದಾಳೆ ಎಂದುಕೊಳ್ಳಿ. ಅವಳ ಹಣೆಬರಹ ತಾಲ್ಲೂಕು ಕೂಟದ ಮೈದಾನದಲ್ಲಿ ಒಂದು ಹಾಸಿಗೆ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ವೇದಿಕೆಗೆ, ಶಾಮಿಯಾನಕ್ಕೆ, ಫ್ಲೆಕ್ಸಿಗೆ ಪ್ರತಿ ವರ್ಷ ಹೊಂದಿಸುವ ಹಣದಲ್ಲಿ ಒಂದಂಶ ಕೂಡಿಟ್ಟರೂ ಕೆಲವು ವರ್ಷಗಳಲ್ಲಿ ಒಂದು ಹಾಸಿಗೆ ಬರುತ್ತದೆ. ಹಾಸಿಗೆ ಬಂದರೆ ಅದನ್ನು ಮಳೆ, ಇಲಿಗಳಿಂದ ಕಾಪಾಡಿ ಇಡುವ ಕೋಣೆಯೂ ಬೇಕು. ಕೂಟ ನಡೆಸುವ ಶಾಲೆಯಲ್ಲಿ ಆ ಕೋಣೆ ಇರುವುದು ನನ್ನ ಮಟ್ಟಿಗೆ ವೇದಿಕೆಗಿಂತ ದೊಡ್ಡ ಅರ್ಹತೆ.

ಎಸೆತಗಳ ವಿಷಯದಲ್ಲಿ ಮಾತು ಅರ್ಹತೆಯಿಂದ ಜೀವಕ್ಕೆ ಬರುತ್ತದೆ. 2019ರ ಅಕ್ಟೋಬರಿನಲ್ಲಿ ಕೇರಳದ ಪಾಲಾ ಪಟ್ಟಣದಲ್ಲಿ ರಾಜ್ಯ ಜೂನಿಯರ್ ಅಥ್ಲೆಟಿಕ್ಸ್ ಕೂಟ ನಡೆಯುತ್ತಿತ್ತು. ಮೈದಾನ ಒಳ್ಳೆಯದೇ, ಸಿಂಥೆಟಿಕ್ ಟ್ರ್ಯಾಕ್ ಇದ್ದದ್ದು. ಆದರೆ ಜಾವೆಲಿನ್ ಮತ್ತು ಹ್ಯಾಮರ್ ಎಸೆತ ಒಂದೇ ಹೊತ್ತಿನಲ್ಲಿ, ಒಂದೇ ಅಂಗಣದಲ್ಲಿ ನಡೆಯುತ್ತಿದ್ದವು. ಜಾವೆಲಿನ್ ಹೆಕ್ಕಿಕೊಡಲು ಸ್ವಯಂಸೇವಕನಾಗಿ ನಿಂತಿದ್ದ ಶಾಲಾ ಹುಡುಗನ ತಲೆಗೆ ಹ್ಯಾಮರ್ ಬಡಿಯಿತು. ಎರಡು ವಾರಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು ಆತ ತೀರಿಕೊಂಡ. ಈ ಘಟನೆಯಿಂದ ಕಲಿಯಬೇಕಾದದ್ದು ಎಚ್ಚರಿಕೆಯ ಪಾಠವೊಂದೇ ಅಲ್ಲ. ಎಲ್ಲ ಎಸೆತಗಳೂ ಒಂದೇ ಹಸಿರಿನೊಳಗೆ ಬೀಳುವ ಮೈದಾನವನ್ನು ಆರಿಸಿದ ಮೇಲೆ ಅವನ್ನು ಒಂದಾದ ಮೇಲೊಂದರಂತೆ ನಡೆಸಬೇಕು. ಹಾಗೆ ನಡೆಸಲು ದಿನಗಳು ಸಾಲದಿದ್ದರೆ ಪಕ್ಕದಲ್ಲಿ ಪ್ರತ್ಯೇಕ ಎಸೆತದ ಮೈದಾನ ಇರುವ ಜಾಗವನ್ನೇ ಆರಿಸಬೇಕು. ಎರಡೂ ಆಗದಿದ್ದರೆ ಅಲ್ಲಿ ಕೂಟ ಬೇಡ. ಹ್ಯಾಮರಿಗೂ ಡಿಸ್ಕಸಿಗೂ ಬಲೆಯ ಪಂಜರ ಇಲ್ಲದ ಕಡೆ ಆ ಸ್ಪರ್ಧೆಗಳನ್ನು ಇಟ್ಟುಕೊಳ್ಳುವುದನ್ನು ಯಾವ ಸಮಜಾಯಿಷಿಯಿಂದಲೂ ಸಮರ್ಥಿಸಲಾಗದು. ಕೂಟಗಳಲ್ಲಿ ಡಿಸ್ಕಸ್ ಹೆಕ್ಕಲು, ಗೆರೆಯ ಬಳಿ ಬಾವುಟ ಹಿಡಿದು ನಿಲ್ಲಲು ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳನ್ನೇ ನಿಲ್ಲಿಸುತ್ತೇವೆ. ಮೈದಾನ ಆರಿಸುವಾಗ ಸ್ಪರ್ಧಿಗಳ ಜತೆಗೆ ಈ ಮಕ್ಕಳೂ ಕಣ್ಣ ಮುಂದಿರಬೇಕು.

ಇನ್ನು ರಾಜ್ಯ ಮಟ್ಟದ ಕೂಟ. ಅದು ಸಿಂಥೆಟಿಕ್ ಟ್ರ್ಯಾಕಿನ ಮೇಲೆಯೇ ನಡೆಯಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ರಾಷ್ಟ್ರೀಯ ಕೂಟದಲ್ಲಿ ಕೇರಳ, ಹರಿಯಾಣದ ಮಕ್ಕಳ ಎದುರು ಓಡಬೇಕಾದವರನ್ನು ಮಣ್ಣಿನ ಮೇಲೆ ಆರಿಸಿ ಕಳಿಸುವುದು ಅವರಿಗೇ ಅನ್ಯಾಯ. ಬೆಂಗಳೂರಿನ ಕಂಠೀರವ, ಮೈಸೂರಿನ ಚಾಮುಂಡಿ ವಿಹಾರ, ಮಂಗಳೂರಿನ ಮಂಗಳಾ ಕ್ರೀಡಾಂಗಣ, ಉಡುಪಿಯ ಅಜ್ಜರಕಾಡು, ಮೂಡುಬಿದಿರೆಯ ಸ್ವರಾಜ್ಯ ಮೈದಾನ ಹೀಗೆ ಟ್ರ್ಯಾಕುಗಳಿವೆ. ಆದರೆ ಸಿಂಥೆಟಿಕ್ ಇದೆ ಎಂದಾಕ್ಷಣ ನ್ಯಾಯ ಪೂರ್ತಿಯಾಯಿತೇ? ಜಿಲ್ಲೆಯವರೆಗೆ ಬರಿಗಾಲಲ್ಲಿ ಮಣ್ಣಿನ ಮೇಲೆ ಗೆದ್ದು ಬಂದ ಹುಡುಗಿ ಆ ರಬ್ಬರಿನ ನೆಲವನ್ನು ಮೊದಲ ಸಲ ಮುಟ್ಟುವುದು ತನ್ನ ಹೀಟ್ಸಿನ ಹೊತ್ತಿಗೆ. ಸ್ಪೈಕ್ಸ್ ಹಾಕಿ ಅಭ್ಯಾಸವಿಲ್ಲ, ಸ್ಟಾರ್ಟಿಂಗ್ ಬ್ಲಾಕಿನಿಂದ ಎದ್ದು ಗೊತ್ತಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಆ ನೆಲ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಬರಿಗಾಲು ಊರಲಾಗುವುದಿಲ್ಲ. ನಗರದ ಶಾಲೆಯ, ಕ್ರೀಡಾ ವಸತಿ ನಿಲಯದ ಮಕ್ಕಳಿಗೆ ಅದೇ ಟ್ರ್ಯಾಕ್ ದಿನದ ಅಭ್ಯಾಸದ ಅಂಗಳ. ಹಾಗೆಂದು ರಾಜ್ಯ ಕೂಟವನ್ನು ಮಣ್ಣಿಗೆ ಇಳಿಸಬೇಕಾಗಿಲ್ಲ. ಕೂಟದ ಹಿಂದಿನ ದಿನವನ್ನು ಪೂರ್ತಿ ಅಭ್ಯಾಸಕ್ಕೆ ಬಿಟ್ಟು, ಹೊರಗಿನಿಂದ ಬಂದ ಮಕ್ಕಳಿಗೆ ಟ್ರ್ಯಾಕಿನ ಮೇಲೆ ಮೊದಲ ಹಕ್ಕು ಕೊಡಬೇಕು. ಸ್ಪೈಕ್ಸ್ ಇಲ್ಲದವರಿಗೆ ಅಳತೆವಾರು ಕೆಲವು ಜೋಡಿಗಳನ್ನು ಆತಿಥೇಯ ಜಿಲ್ಲೆ ಇಟ್ಟುಕೊಂಡಿರಬೇಕು. ಕಡಿಮೆ ಅಂತರದ ಓಟಗಳನ್ನು ಬೆಳಿಗ್ಗೆ, ಸಂಜೆಗೆ ಹಾಕಬೇಕು. ಆ ಒಂದು ದಿನದ ಟ್ರ್ಯಾಕು ಸಿಗುವ ಊರನ್ನೇ ಆರಿಸಬೇಕು. ಸ್ಪರ್ಧೆಯ ಬೆಳಗಿನವರೆಗೂ ಬೇರೆ ಕಾರ್ಯಕ್ರಮಕ್ಕೆ ಕೊಟ್ಟಿರುವ ಕ್ರೀಡಾಂಗಣ ಎಷ್ಟೇ ದೊಡ್ಡದಾದರೂ ಈ ಕೆಲಸಕ್ಕೆ ಸಲ್ಲದು.

ಪ್ರಯಾಣದ ಲೆಕ್ಕವನ್ನೂ ಹಾಕಬೇಕು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಕಾಯ್ದಿರಿಸದ ರೈಲು ಬೋಗಿಯಲ್ಲೋ ರಾತ್ರಿ ಬಸ್ಸಿನಲ್ಲೋ ಬಂದ ಮಕ್ಕಳು ಯಾವುದೋ ಶಾಲೆಯ ಕೊಠಡಿಯಲ್ಲಿ, ಬೆಂಚು ಸರಿಸಿ ಹಾಸಿದ ಜಮಖಾನೆಯ ಮೇಲೆ ಮಲಗಿ, ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿ ಹೆಸರು ಕೂಗಿದಾಗ ನಿಲ್ಲಬೇಕು. ಅದೇ ಓಟದಲ್ಲಿ ಅವರ ಪಕ್ಕದ ಲೇನಿನವರು ಸ್ವಂತ ಮನೆಯಲ್ಲಿ ಮಲಗಿ, ಅಮ್ಮ ಮಾಡಿಕೊಟ್ಟದ್ದನ್ನು ತಿಂದು ಬಂದಿರುತ್ತಾರೆ. ಹೊಟ್ಟೆಯ ವಿಷಯ ಸಣ್ಣದೆಂದು ಯಾರಾದರೂ ಅಂದರೆ ಅವರು ಕೂಟಗಳನ್ನು ಹತ್ತಿರದಿಂದ ಕಂಡಿಲ್ಲ. ರೊಟ್ಟಿ ತಿಂದು ಬೆಳೆದ ಮಗುವಿಗೆ ಎರಡು ದಿನ ಚಿತ್ರಾನ್ನ, ಅನ್ನ ಸಾರು ಹಾಕಿ, ಊಟವಾದ ಮುಕ್ಕಾಲು ಗಂಟೆಗೇ 800 ಮೀಟರ್ ಓಡಿಸಿದರೆ ಏನಾಗುತ್ತದೆಂದು ಮೈದಾನದ ಅಂಚಿನಲ್ಲಿ ನಿಂತವರೆಲ್ಲ ನೋಡಿದ್ದೇವೆ. ಬಾಲಕಿಯರ ಮಟ್ಟಿಗೆ ಇನ್ನೂ ಒಂದು ಪ್ರಶ್ನೆ ಸೇರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲು ಭದ್ರವಾಗಿರುವ, ನೀರಿರುವ ಶೌಚಾಲಯ ಮೈದಾನದ ಹತ್ತಿರವೇ ಇದೆಯೇ? ಬಟ್ಟೆ ಬದಲಿಸಲು ಕೋಣೆ ಇದೆಯೇ? ಶೌಚಕ್ಕೆ ಹೋಗಬೇಕಾದೀತೆಂದು ಹುಡುಗಿಯರು ನೀರು ಕುಡಿಯದೆ ಓಡುವ ಸ್ಥಿತಿ ನಮ್ಮ ಎಷ್ಟೋ ಕೂಟಗಳಲ್ಲಿದೆ. ಮೈದಾನದ ಅಳತೆಯಂತೆಯೇ ಇದನ್ನೂ ಟೇಪು ಹಿಡಿದು, ಎಣಿಸಿ ನೋಡಬೇಕು.

ಹಾಗಾದರೆ ಪ್ರತಿ ವರ್ಷ ಒಂದೇ ಕಡೆ ಕೂಟ ಮಾಡುವುದು ಒಳ್ಳೆಯದೋ, ಊರೂರಿಗೆ ಒಯ್ಯುವುದು ಒಳ್ಳೆಯದೋ? ಒಂದೇ ಕಡೆ ಎನ್ನುವವರ ವಾದದಲ್ಲಿ ಹುರುಳಿದೆ. ಅನುಭವಿ ತೀರ್ಪುಗಾರರು, ಎಲೆಕ್ಟ್ರಾನಿಕ್ ಸಮಯಮಾಪನ, ಗಾಳಿಮಾಪಕ, ಹತ್ತಿರದ ದೊಡ್ಡ ಆಸ್ಪತ್ರೆ ಎಲ್ಲವೂ ಬೆಂಗಳೂರಿನಲ್ಲಿ ಕೈಗೆ ಸಿಗುತ್ತವೆ. ಜಪಾನಿನ ಪ್ರೌಢಶಾಲಾ ಬೇಸ್‌ಬಾಲ್ 1924ರಿಂದ ಕೊಶಿಯನ್ ಕ್ರೀಡಾಂಗಣದಲ್ಲಿ ನಡೆಯುತ್ತ ಬಂದು, ಅಲ್ಲಿಯ ಮಣ್ಣು ಮುಟ್ಟುವುದೇ ಮಕ್ಕಳ ಕನಸಾಗಿದೆ. ಆದರೆ ಅದೇ ದೇಶದಲ್ಲಿ ಅಥ್ಲೆಟಿಕ್ಸ್ ಸೇರಿದ ಪ್ರೌಢಶಾಲಾ ಮಹಾಕೂಟ ಪ್ರಾಂತದಿಂದ ಪ್ರಾಂತಕ್ಕೆ ಸುತ್ತುತ್ತದೆ. ಬೇಸಿಗೆಯ ಸೆಕೆ ತಡೆಯಲಾಗದೆಂದು 2024ರಿಂದ ಅದರ ಬಾಲಕರ ಫುಟ್‌ಬಾಲನ್ನು ಫುಕುಶಿಮಾದಲ್ಲಿ, ಬಾಲಕಿಯರದನ್ನು ಹೊಕ್ಕೈಡೊದಲ್ಲಿ ನೆಲೆನಿಲ್ಲಿಸಿದರು. ಸರದಿಯೋ ಸ್ಥಿರವೋ ಎಂಬುದನ್ನು ಅವರು ಸಂಪ್ರದಾಯಕ್ಕೆ ಬಿಡಲಿಲ್ಲ, ಮಕ್ಕಳ ಮೈಗೆ ಏನು ತಡೆಯುತ್ತದೆ ಎಂದು ನೋಡಿ ನಿರ್ಧರಿಸಿದರು.

ನಾನು ಸರದಿಯ ಪರ. ಕಾರಣ ಗೌರವ ಹಂಚಿಕೆಯಲ್ಲ. ಕೂಟ ಬಂದ ಕಡೆ ಟ್ರ್ಯಾಕ್ ಬರುತ್ತದೆ, ಇದ್ದ ಟ್ರ್ಯಾಕು ದುರಸ್ತಿಯಾಗುತ್ತದೆ. ಕೇರಳ ತನ್ನ ರಾಜ್ಯ ಶಾಲಾ ಕೂಟವನ್ನು 2017ರಲ್ಲಿ ಪಾಲಾಕ್ಕೆ, 2019ರಲ್ಲಿ ಕಣ್ಣೂರಿಗೆ, 2023ರಲ್ಲಿ ಕುನ್ನಂಕುಳಂ ಎಂಬ ಪಟ್ಟಣಕ್ಕೆ ಒಯ್ದಿತು. ಚಿಕ್ಕ ಊರುಗಳಲ್ಲೂ ಸಿಂಥೆಟಿಕ್ ಟ್ರ್ಯಾಕ್ ಇರುವುದರಿಂದ ಅದು ಸಾಧ್ಯವಾಯಿತು. ನಮ್ಮಲ್ಲೂ ಮೂಡುಬಿದಿರೆ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟವನ್ನು ನಡೆಸಿತು. ದೇಶದ ನಾನಾ ಕಡೆಯಿಂದ ಬಂದ ಓಟಗಾರರಿಗೆ ಜಾಗ ಕೊಡಲು ಮಹಾನಗರವೇ ಆಗಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಹಾನಗರದ ಕ್ರೀಡಾಂಗಣಕ್ಕೆ ಅದರದೇ ಒತ್ತಡಗಳಿವೆ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಕಂಠೀರವದಲ್ಲಿ ಫುಟ್‌ಬಾಲ್ ಪಂದ್ಯಗಳಿಗೂ ಅಥ್ಲೆಟಿಕ್ಸಿಗೂ ಜಾಗ ಹಂಚುವ ತಕರಾರು ಹೈಕೋರ್ಟಿನವರೆಗೆ ಹೋಯಿತು. ಫುಟ್‌ಬಾಲಿನ ಹುಲ್ಲು ಉಳಿಯಬೇಕಾದರೆ ಹ್ಯಾಮರ್, ಜಾವೆಲಿನ್ ಹೊರಗೆ ಹೋಗಬೇಕು. ಇವು ಉಳಿಯಬೇಕಾದರೆ ಹುಲ್ಲು ಹಾಳಾಗುತ್ತದೆ. ಹಾಗಾಗಿ ರಾಜ್ಯದ ನಾಲ್ಕೂ ವಿಭಾಗಗಳಲ್ಲಿ ಅಥ್ಲೆಟಿಕ್ಸಿಗೇ ಮೀಸಲಾದ ಒಂದೊಂದಾದರೂ ಅಂಗಣ ಇರಬೇಕು, ಸರದಿ ಅವುಗಳ ನಡುವೆ ಸುತ್ತಬೇಕು. ಕಲಬುರಗಿ ವಿಭಾಗದಲ್ಲಿ ಕೂಟ ನಡೆದ ವರ್ಷ ಬೀದರಿನ ಮಗು ಒಂದು ರಾತ್ರಿಯ ನಿದ್ದೆ ಉಳಿಸಿಕೊಳ್ಳುತ್ತದೆ, ಕೊಳ್ಳೇಗಾಲದ ಮಗು ಕಳೆದುಕೊಳ್ಳುತ್ತದೆ. ಸರದಿಯಲ್ಲಿ ಆ ಭಾರವಾದರೂ ಹಂಚಿಹೋಗುತ್ತದೆ.

ಖರ್ಚಿನ ಮಾತು ಎತ್ತುವವರಿಗೆ ಉತ್ತರ ಕೊಡಲೇಬೇಕು, ಏಕೆಂದರೆ ಕೂಟದ ಅನುದಾನ ಸಾಲದೆ ಮೇಷ್ಟರುಗಳು ತಮ್ಮ ಜೇಬಿನಿಂದ ಹಾಕುವುದು, ಅಂಗಡಿಯವರ ಹತ್ತಿರ ಚಂದಾ ಎತ್ತುವುದು ನಿಜವೇ. ನಾನು ಹೇಳುತ್ತಿರುವುದರಲ್ಲಿ ಬಹುಪಾಲಿಗೆ ಹೊಸ ಹಣ ಬೇಕಿಲ್ಲ, ಬೇಕಿರುವುದು ಮುಂಚಿತವಾದ ತೀರ್ಮಾನ. ಜೂನಿನಲ್ಲಿ ಶಾಲೆ ತೆರೆದ ತಿಂಗಳೊಳಗೇ ಪ್ರತಿ ತಾಲ್ಲೂಕಿನಲ್ಲಿ ಮೂರು ನಾಲ್ಕು ದೈಹಿಕ ಶಿಕ್ಷಕರ ತಂಡ, ಅದರಲ್ಲಿ ಒಬ್ಬ ಮಹಿಳೆ ಕಡ್ಡಾಯವಾಗಿ, ಮೈದಾನಗಳನ್ನು ಸುತ್ತಿ ನೋಡಲಿ. ನೆಲದ ಉದ್ದಗಲ, ಮಣ್ಣು, ನೀರು ಹರಿದುಹೋಗುವ ದಿಕ್ಕು, ಎಸೆತದ ಜಾಗ, ಶೌಚಾಲಯ, ಆಂಬುಲೆನ್ಸ್ ಒಳಬರುವ ದಾರಿ ಇವನ್ನು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಲಿ. ಆ ವರದಿ ಎಲ್ಲ ಶಾಲೆಗಳಿಗೂ ಸಿಗಲಿ. ಮೈದಾನವನ್ನು ಅದರ ಮೇಲೆಯೇ ಆರಿಸಲಿ, ಆರಿಸಿದ ಕಾರಣವನ್ನು ಆದೇಶದಲ್ಲೇ ಬರೆಯಲಿ.

ತಾಲ್ಲೂಕಿನಲ್ಲಿ ಯೋಗ್ಯ ಮೈದಾನವೇ ಇಲ್ಲದಿದ್ದರೆ? ಪಕ್ಕದ ತಾಲ್ಲೂಕಿನದನ್ನು ಬಳಸಲಿ. ನಮ್ಮ ತಾಲ್ಲೂಕಿನ ಕೂಟ ಬೇರೆಯವರ ನೆಲದಲ್ಲಿ ಯಾಕೆ ಎಂಬ ಆಕ್ಷೇಪ ಮೊದಲು ಏಳುವುದು ಇಲ್ಲಿಯೇ. ಅದು ಹಿರಿಯರ ಪ್ರತಿಷ್ಠೆಯ ಮಾತು. ಎರಡು ತಾಲ್ಲೂಕುಗಳು ಒಂದೇ ಒಳ್ಳೆಯ ಮೈದಾನದಲ್ಲಿ ಒಂದರ ಹಿಂದೊಂದು ದಿನ ಕೂಟ ಮಾಡಿದರೆ ಗೆರೆ ಒಮ್ಮೆ ಎಳೆದರೆ ಸಾಕು, ಹಾಸಿಗೆ ಒಂದಿದ್ದರೆ ಸಾಕು, ತೀರ್ಪುಗಾರರೂ ಹಂಚಿಕೊಳ್ಳಬಹುದು. ಬಸ್ಸಿಗೆ ಖರ್ಚಾಗುತ್ತದೆ, ಹೌದು. ಆ ಖರ್ಚನ್ನು ಶಾಮಿಯಾನದ ಲೆಕ್ಕದಿಂದ ತೆಗೆಯಬಹುದು. ಹತ್ತಾರು ಶಾಲೆಗಳಿಂದ ಬಂದ ಮಕ್ಕಳಲ್ಲಿ ಹೆಚ್ಚಿನವರು ಆ ದಿನವೇ, ಆ ನೆಲದ ಮೇಲೆಯೇ ಸ್ಪರ್ಧೆಯಿಂದ ಹೊರಬೀಳುತ್ತಾರೆ. ರಾಜ್ಯ ಮಟ್ಟದ ಸಿಂಥೆಟಿಕ್ ಟ್ರ್ಯಾಕನ್ನು ಅವರು ನೋಡುವುದೇ ಇಲ್ಲ. ಅವರ ಪಾಲಿಗೆ ತಾಲ್ಲೂಕಿನ ಮೈದಾನವೇ ಕೊನೆಯದು. ಹೊಸ ಟ್ರ್ಯಾಕಿಗೆ ಹಣ ಬರುವವರೆಗೆ ಕಾಯದೆ, ಬರುವ ಜೂನಿನಲ್ಲಿ ಟೇಪು ಹಿಡಿದು ಅಳೆಯುವ ಕೆಲಸವನ್ನು ಅಲ್ಲಿಂದಲೇ ಶುರು ಮಾಡಬೇಕು.